ಬಣ್ಣ ಬಳಿದ ಚೆಂಡು

ಈ ಸಮಾರಂಭದ ಅಧ್ಯಕ್ಷರಾದ ಮಾನ್ಯ ಹೇಮಂತಗೌಡರೇ, ಹುಬ್ಬಳ್ಳಿಯಿಂದ ದಯಮಾಡಿಸಿದ ಮುಖ್ಯ ಅತಿಥಿಗಳೇ, ಕ್ಲಬ್ಬಿನ ಕಾರ್ಯದರ್ಶಿಗಳೇ, ದೇವಿಕೊಪ್ಪದ ಹಿರಿಯರೇ, ಚೀಲ ಹೊರುವವರೇ, ಹುಲ್ಲು ಕತ್ತರಿಸುವವರೇ, ಸಭಿಕರೇ. ಹುಲ್ಲು ಕತ್ತರಿಸುವವರನ್ನು ಮೊದಲು ಕರೆಯಬೇಕಿತ್ತು. ಅವರಿಲ್ಲದಿದ್ದರೆ ಇಷ್ಟು ಜನ ದೊಡ್ಡವರು ಮೊಣಕಾಲುದ್ದ ಕಸದಲ್ಲಿ ಚೆಂಡು ಹುಡುಕುತ್ತಿದ್ದರು.

ನಾನು ನಿಜಾಮಸಾಬ. ಈ ಗಾಲ್ಫ್ ಕ್ಲಬ್ಬಿನ ಚೆಂಡಿನ ಖೋಲಿಯಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು. ಹೊಂಡಕ್ಕೆ ಬಿದ್ದ ಚೆಂಡು ತೆಗೆಯುವುದು, ತೊಳೆಯುವುದು, ಆರಿಸುವುದು, ಕೊಡುವುದು, ಇಷ್ಟೇ ನನ್ನ ಕೆಲಸ. ಇವತ್ತು ನನ್ನ ಬೀಳ್ಕೊಡುಗೆ. ಶಾಲು ಮೇಜಿನ ಮೇಲಿದೆ, ನೋಡಿದ್ದೇನೆ. ಅದನ್ನು ಹೊದಿಸುವ ಮೊದಲೇ ಮಾತಾಡುತ್ತೇನೆಂದು ಹಟ ಹಿಡಿದವನು ನಾನೇ. ಕಾರ್ಯದರ್ಶಿಗಳು, "ಎರಡು ಮಾತು ಸಾಕ್ರಿ ನಿಜಾಮಸಾಬ," ಅಂದರು. ಎರಡು ಮಾತಿಗೆ ಮುಗಿಯುವಷ್ಟು ಕಡಿಮೆ ದಿನ ನಾನಿಲ್ಲಿ ಇದ್ದವನಲ್ಲ.

ನಿಮ್ಮೆಲ್ಲರ ಕೈಯಲ್ಲೊಂದು ಪುಸ್ತಿಕೆ ಇದೆ. ಚೆಂಡಿನ ಬಗ್ಗೆ ಆಟಗಾರರು ನನ್ನ ಕಿಟಕಿಯ ಮುಂದೆ ನಿಂತು ಕೇಳಿದ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು. ಬರೆದುಕೊಂಡವಳು ನನ್ನ ಮಗಳು ರೂಬಿನಾ. ಒಬ್ಬ ವಕೀಲರು ಕೇಳಿದ್ದರು, "ಈ ಚೆಂಡಿಗೆ ಮೈತುಂಬ ಗುಳಿ ಯಾಕ, ಸಿಡುಬು ಬಂದ್ಹಂಗ?" ಸಭಿಕರೇ, ಆ ಗುಳಿಗಳೇ ಚೆಂಡಿನ ಜೀವ. ನುಣ್ಣನೆಯ ಚೆಂಡಿನ ಮೈಯನ್ನು ಗಾಳಿ ಬೇಗ ಬಿಟ್ಟುಬಿಡುತ್ತದೆ, ಬಿಟ್ಟು ಹಿಂದಿನಿಂದ ಜಗ್ಗುತ್ತದೆ. ಗುಳಿ ಇದ್ದರೆ ಗಾಳಿ ಮೈಗೆ ಹತ್ತಿಕೊಂಡು ಹಿಂದಿನತನಕ ಬರುತ್ತದೆ, ಜಗ್ಗುವುದು ಕಡಿಮೆಯಾಗುತ್ತದೆ. ಒಂದೇ ಏಟಿಗೆ ಗುಳಿಯ ಚೆಂಡು ಹೋಗುವ ದೂರದ ಅರ್ಧದಷ್ಟೂ ನುಣ್ಣನೆಯದು ಹೋಗುವುದು ಕಷ್ಟ.

ಮೆತ್ತನೆಯದು ಚಲೋನೋ ಗಟ್ಟಿಯದೋ ಎಂದು ಕೇಳಿದವರಿಗೆ, ನಿಮ್ಮ ರಟ್ಟೆಯನ್ನು ಕೇಳಿರಿ ಎಂದೆ. ವಾರಗಟ್ಟಲೆ ನೀರಿನಲ್ಲಿದ್ದ ಚೆಂಡು ಆದೀತೋ ಎಂದವರಿಗೆ, ಕಲಿಯಲು ಆದೀತು, ಪಂದ್ಯಕ್ಕೆ ಬೇಡ ಎಂದೆ. ನೆಟ್ಟಗೆ ಹೋಗುವ ಚೆಂಡು ಯಾವುದೆಂದು ಒಬ್ಬ ಡಾಕ್ಟರು ಪ್ರತಿ ಭಾನುವಾರ ಕೇಳುತ್ತಿದ್ದರು. ಡಬ್ಬಿಯಲ್ಲಿ ಇರುವತನಕ ಎಲ್ಲವೂ ನೆಟ್ಟಗಿರುತ್ತವೆ ಎಂದು ಹೇಳಿದ್ದೆ. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ನಗುತ್ತಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ.

ಆದರೆ ಪುಸ್ತಿಕೆಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿವೆ. ನಾನು ಕೊಟ್ಟದ್ದು ಇಪ್ಪತ್ಮೂರು. ಕೊನೆಯದನ್ನು ಕಾರ್ಯದರ್ಶಿಗಳು ತೆಗೆದರು. "ಹಳೇದನ್ನ ಯಾಕ ಕೆದಕ್ತೀರಿ, ಗೌಡ್ರು ಬ್ಯಾಸರ ಮಾಡ್ಕೋತಾರ," ಅಂದರು. ಆ ಪ್ರಶ್ನೆ ಇಷ್ಟೇ: ಹಳೆಯ ಚೆಂಡಿಗೆ ಬಣ್ಣ ಬಳಿದರೆ ಹೊಸದರಂತೆ ಹಾರುತ್ತದೆಯೇ? ಅಚ್ಚಿನಲ್ಲಿ ಬರದಿದ್ದರೇನು, ನನಗೆ ಬಾಯಿ ಇಲ್ಲವೇ?

ಇಪ್ಪತ್ತಾರು ವರ್ಷದ ಹಿಂದೆ, ಕಾರಹುಣ್ಣಿಮೆಯ ಮರುದಿನ ಈ ಕ್ಲಬ್ಬಿನ ಫೈನಲ್ ಪಂದ್ಯ ಇತ್ತು. ಆಡುತ್ತಿದ್ದವರು ಇಂದಿನ ನಮ್ಮ ಅಧ್ಯಕ್ಷರು. ಅವರ ಕೋಲುಗಳ ಚೀಲ ಹೊತ್ತವನು ಮಡಿವಾಳೆಪ್ಪ. ಅವನ ಕಣ್ಣು ಅಂದರೆ ಟೇಪು ಹಿಡಿದು ಅಳೆದ ಹಾಗೆ. ಅವನು ಇಷ್ಟು ಗಜ ಅಂದರೆ ಅಷ್ಟೇ ಗಜ, ಆ ದೂರಕ್ಕೆ ಯಾವ ನಂಬರಿನ ಕೋಲು ಬೇಕೆಂದು ಹೇಳುವವನೂ ಅವನೇ. ಚೆಂಡು ಬೀಳಿಸಬೇಕಾದ ಕೊನೆಯ ಕುಳಿಯ ಹತ್ತಿರ ಬರುವಷ್ಟರಲ್ಲಿ ಗೌಡರ ಚೆಂಡುಗಳೆಲ್ಲ ಕಳೆದಿದ್ದವು. ಮಡಿವಾಳೆಪ್ಪ ನನ್ನ ಕಿಟಕಿಗೆ ಓಡಿ ಬಂದ. "ನಿಜಾಮಾ, ಅಗದಿ ಚಲೋದು ಒಂದು ಕೊಡಪಾ." ನಾನು ಅತ್ಯಂತ ಬೆಳ್ಳಗೆ ಹೊಳೆಯುವುದನ್ನು ಕೊಟ್ಟೆ. ಗೌಡರು ಹೊಂಡದ ದಡಕ್ಕೆ ನಿಂತು ಕೇಳಿದರು, "ಯಾವ ಕೋಲು?" ಅವನು, "ಏಳನೇ ನಂಬರ್ ಸಾಕ್ರಿ, ದಾಟ್ತದ," ಅಂದ. ದಾಟಲಿಲ್ಲ. ಚೆಂಡು ನಡುನೀರಿಗೆ ಬಿತ್ತು, ಗೆಲ್ಲಬೇಕಿದ್ದ ಕಪ್ ಕೈತಪ್ಪಿತು.

ಆ ಚೆಂಡಿಗೆ ಯಾರೋ ಬಣ್ಣ ಬಳಿದಿದ್ದರು. ಎತ್ತಿನ ಕೊಂಬಿಗೆಂದು ತಂದು ಉಳಿದಿದ್ದ ಬಿಳಿ ಪೇಂಟು, ಎರಡು ಸಲ. ಹಬ್ಬಕ್ಕೆ ಎತ್ತು ಮಿಂಚಬೇಕು, ಪಂದ್ಯಕ್ಕೆ ಚೆಂಡು ಮಿಂಚಬಾರದೇ ಎಂಬ ಹುರುಪು. ಗುಳಿಗಳೆಲ್ಲ ತುಂಬಿ ಮುಚ್ಚಿಹೋಗಿದ್ದವು.

ಯಾರೋ ಅಂದೆನಲ್ಲ. ಖೋಲಿಗೆ ಒಂದೇ ಕೀಲಿ ಇತ್ತು, ಅದು ನನ್ನ ಉಡಿದಾರದಲ್ಲಿತ್ತು. ಬಳಿದವನು ನಾನು.

ಗೌಡರು ನನ್ನನ್ನು ಕರೆಸಿದರು. "ಚೆಂಡು ಹೆಂಗಿತ್ತೋ?" ನಾನು, "ಚಲೋ ಇತ್ರೀ," ಅಂದೆ. ಆಗ ಅವರು ಮಡಿವಾಳೆಪ್ಪನತ್ತ ತಿರುಗಿದರು. "ಚೆಂಡು ಚಲೋ ಇತ್ತು, ನನ್ನ ಏಟೂ ಚಲೋ ಇತ್ತು. ಎದುರಿನವನ ಕಡಿಂದ ಏನು ತಿಂದು ತಪ್ಪು ಕೋಲು ಕೊಟ್ಟಿ ಲೇ?" ಅವನು ಚೀಲ ಕೆಳಗಿಟ್ಟು ಗೇಟಿನ ಕಡೆ ನಡೆದ. ಅಂದಿನಿಂದ ಗೇಟಿನ ಪಟ್ಟಿಯಲ್ಲಿ ಅವನ ಹೆಸರಿದೆ, ಒಳಗೆ ಬಿಡಬಾರದವರ ಪಟ್ಟಿ.

ಮರುದಿನ ಹೊಂಡಕ್ಕಿಳಿದು ಆ ಚೆಂಡು ತೆಗೆದೆ. ಕೋಳಿಮೊಟ್ಟೆಯಂತೆ ನುಣ್ಣಗಿತ್ತು. ಅದನ್ನು ಕಿಸೆಗೆ ಹಾಕಿಕೊಂಡು ಸುಮ್ಮನಾದೆ. ಅದೇ ತಿಂಗಳು ನನ್ನ ಹೆಂಡತಿ ಹಸೀನಾಬಿ ಹೆತ್ತಾಗ, ಮಡಿವಾಳೆಪ್ಪನ ಹೆಂಡತಿ ರೇವವ್ವ ಹದಿನೈದು ದಿನ ನಮ್ಮ ಮನೆಗೆ ರೊಟ್ಟಿ, ಪಲ್ಯ ಕಳಿಸಿದಳು. ಗಂಡನಿಗೆ ಕೆಲಸವಿಲ್ಲದ ಮನೆಯ ರೊಟ್ಟಿ. ನಾನು ಕೂತು ತಿಂದೆ. ಚೆಂಡಿನ ವಿದ್ಯೆ ನಾನು ಯಾಕೆ ಕಲಿತೆ ಎಂದು ಎಷ್ಟೋ ಜನ ಕೇಳಿದ್ದೀರಿ. ಹವ್ಯಾಸ ಎಂದಿದ್ದೆ. ಹವ್ಯಾಸವೂ ಅಲ್ಲ, ಮಣ್ಣೂ ಅಲ್ಲ. ಆ ಚೆಂಡು ಬೇರೆ ಯಾವ ಕಾರಣಕ್ಕಾದರೂ ಬಿದ್ದಿರಬಹುದೇ ಎಂದು ಹುಡುಕಿದೆ. ಸಿಗಲಿಲ್ಲ.

ಅಧ್ಯಕ್ಷರೇ, ತಾವು ಗಡಿಯಾರ ನೋಡುತ್ತಿದ್ದೀರಿ. ನೋಡಿರಿ. ಕಾರ್ಯದರ್ಶಿಗಳೇ, ಚೀಟಿ ಕಳಿಸಬೇಡಿರಿ, ಕನ್ನಡಕ ಮನೆಯಲ್ಲಿದೆ. ತಪ್ಪು ನನ್ನದು, ಅದನ್ನು ಯಾರ ಮೇಲೂ ಹಾಕುವುದಿಲ್ಲ. ಆದರೆ ವಿಚಾರಿಸದೆ ಒಬ್ಬನನ್ನು ಲಂಚ ತಿಂದವನೆಂದದ್ದು ತಾವು. ಇಗೋ ಆ ಚೆಂಡು. ಅರ್ಧ ಬಣ್ಣ ಕೆರೆದಿದ್ದೇನೆ, ಅರ್ಧ ಉಳಿಸಿದ್ದೇನೆ. ಮೇಜಿನ ಮೇಲೆ ಇಡುತ್ತೇನೆ, ಎಲ್ಲರೂ ಸವರಿ ನೋಡಿರಿ. ಆ ಪಟ್ಟಿಯಿಂದ ಅವನ ಹೆಸರನ್ನು ಇದೇ ಸಭೆಯಲ್ಲಿ ತೆಗೆಯಬೇಕು. ತೆಗೆಯುವತನಕ ಆ ಶಾಲು ನನ್ನ ಹೆಗಲಿಗೆ ಬರುವುದಿಲ್ಲ.

ನನ್ನ ಬೀಳ್ಕೊಡುಗೆ ಐತಿ ಬಾ ಎಂದು ನಾನೇ ಅವನನ್ನು ಕರೆದಿದ್ದೆ. ಗೇಟಿನಲ್ಲಿ ತಡೆದಿದ್ದಾರೆ, ತಡೆಯುತ್ತಾರೆಂದು ಗೊತ್ತಿತ್ತು. ಅದಕ್ಕೇ ಬೆಳಿಗ್ಗೆ ಮೈಕಿನವನಿಗೆ ಹೇಳಿ ಹೊರಗಿನ ಹಾರ್ನನ್ನು ಗೇಟಿನ ಕಡೆ ತಿರುಗಿಸಿ ಕಟ್ಟಿಸಿದ್ದೇನೆ. ಇವತ್ತಿನವರೆಗೂ ಅವನು, "ಆ ದಿವಸ ನನ್ನ ಕಣ್ಣ ತಪ್ಪಿತು," ಎಂದೇ ನಂಬಿದ್ದಾನೆ.

ಮಡಿವಾಳೆಪ್ಪಾ, ಕೇಳಾಕತ್ತೀಯೇನು? ನಿನ್ನ ಕಣ್ಣು ತಪ್ಪಿರಲಿಲ್ಲೋ. ಏಳನೇ ನಂಬರ್ ಬರೋಬ್ಬರಿ ಇತ್ತು.

ಇದನ್ನು ಕೇಳಿ ಅವನು ಅಲ್ಲೇ ನಿಂತಿದ್ದಾನೋ, ಹೊರಟುಹೋದನೋ ನನಗೆ ಗೊತ್ತಿಲ್ಲ. ನೋಡಲು ಹೊರಟಿದ್ದೇನೆ. ಮೂವತ್ತನಾಲ್ಕು ವರ್ಷ ಅನ್ನ ಕೊಟ್ಟ ಕ್ಲಬ್ಬಿಗೆ, ಕೂತು ಕೇಳಿದ ನಿಮಗೆ, ಹಾರ್ನ್ ತಿರುಗಿಸಿದ ಮೈಕಿನವನಿಗೆ ನನ್ನ ಕೃತಜ್ಞತೆಗಳು. ನಮಸ್ಕಾರ.