ಎಡಗಾಲಿನ ಜೋಡಿ ಹೊಲಿಗೆ

ಗುಂಡಿಯಕ್ಕ ಎಂದು ಬೀದಿಯವರೆಲ್ಲ ಕರೆಯುವ ನಾನು, ವಯಸ್ಸು ನಲವತ್ತೊಂದು, ಕಸುಬು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವುದು, ವಾಸ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಕೋಣೆ, ಠಾಣೆಯಲ್ಲಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ಗುರುತಿಲ್ಲದ ಹೆಂಗಸೊಬ್ಬಳು ತಮ್ಮ ಮನೆ ಸೇರಿಕೊಂಡಿದ್ದಾಳೆ ಎಂದು ಆ ಅಂಗಡಿಯ ಮಾಲೀಕರು ಇಂದು ಬೆಳಗ್ಗೆ ಒಂಬತ್ತಕ್ಕೆ ದೂರು ಕೊಟ್ಟಿದ್ದಾರೆ. ಆ ಹೆಂಗಸು ನಾನೇ. ಮಾಲೀಕರು ನನ್ನ ಗಂಡ.

ಮೂರು ವರ್ಷದ ಹಿಂದೆ ನಮ್ಮ ಮದುವೆಯಾಗುವ ಮೊದಲೇ ಅವರು ಆಗಾಗ ಕುಸಿದು ಬಿದ್ದು ಕೈಕಾಲು ಅದುರಿಸುತ್ತಿದ್ದರು. ಮೂರ್ಛೆರೋಗ ಎಂದು ಡಾಕ್ಟರು ಮಾತ್ರೆ ಬರೆದಿದ್ದರು. ಬಿದ್ದಾಗಲೆಲ್ಲ ಮಾತ್ರೆ ಹೆಚ್ಚಾಯಿತು, ತಲೆ ಮಂಕಾಯಿತು. ದಬ್ಬಳ ಹಿಡಿದವರು ಯಾರ ಚಪ್ಪಲಿ ಎಂಬುದನ್ನೇ ಮರೆತು ಕೂರುತ್ತಿದ್ದರು. ನಾನು ಗದರಿದರೆ, ನೀನಿದ್ದೀಯಲ್ಲ, ನನಗ್ಯಾಕೆ ಬೇಕು ನೆನಪು ಎಂದು ನಗುತ್ತಿದ್ದರು. ಬುದ್ಧಿ ಮಂಕಾದರೂ ಕೈ ಮಂಕಾಗಿರಲಿಲ್ಲ. ಕಳೆದ ವರ್ಷ ನನ್ನ ಚಪ್ಪಲಿ ಕಿತ್ತಾಗ ಅವರೇ ಹೊಲಿದುಕೊಟ್ಟರು.

ಮೂರು ತಿಂಗಳ ಹಿಂದೆ ಅಂಗಡಿಯಲ್ಲೇ ಬಿದ್ದರು. ದೊಡ್ಡಾಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರು, ಇದು ಮೂರ್ಛೆರೋಗವೇ ಅಲ್ಲ, ಹಾರ್ಟ್ ಬ್ಲಾಕ್, ಮಿಡಿತ ನಿಂತು ನಿಂತು ಮಿದುಳಿಗೆ ರಕ್ತ ಸಾಲದೆ ಬೀಳುತ್ತಾರೆ ಎಂದರು. ಎಡ ಕೊರಳೆಲುಬಿನ ಕೆಳಗೆ ಬೆಂಕಿಪೊಟ್ಟಣದಷ್ಟು ಪೇಸ್‌ಮೇಕರ್ ಇಟ್ಟರು. ಮಾತ್ರೆಗಳನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಂಕು ಇಳಿದಂತೆ ಹಳೆಯದೆಲ್ಲ ಒಂದೊಂದಾಗಿ ಮರಳಿತು: ತೀರಿಕೊಂಡ ಅಮ್ಮನ ಬೈಗುಳ, ಹಳೆ ಗಿರಾಕಿಗಳ ಕಾಲಿನ ಅಳತೆ. ನಾನು ಮಾತ್ರ ಬರಲಿಲ್ಲ. ಅಷ್ಟು ಮಾತ್ರೆ ನುಂಗಿ, ಅಷ್ಟು ಸಲ ಎಚ್ಚರ ತಪ್ಪಿದವರಿಗೆ ಆ ವರ್ಷಗಳು ತಲೆಯಲ್ಲಿ ನಿಂತೇ ಇರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು. ಗಂಡ ನನ್ನನ್ನು ನೀವು ಎನ್ನತೊಡಗಿದರು. ನಾನು ಊಟ ಬಡಿಸುವಾಗ, “ನಿಮ್ಮನೇಲಿ ಯಾರೂ ಕಾಯ್ತಾ ಇಲ್ವಾ?” ಎಂದು ಮರ್ಯಾದೆಯಿಂದಲೇ ಕೇಳುತ್ತಿದ್ದರು. ಮದುವೆಯ ಫೋಟೊ ತೋರಿಸಿದೆ. “ನನ್ ಥರಾನೇ ಇದಾನೆ, ಪಾಪ” ಎಂದರು. ಸತ್ತವಳು ನಾನೋ, ಸತ್ತವನು ಆ ಫೋಟೊದವನೋ ತಿಳಿಯದೆ ಹೋಗಿ ಪಾತ್ರೆ ತೊಳೆದೆ.

ಇಂದು ಹತ್ತೂವರೆಗೆ ನನ್ನನ್ನೂ ಕರೆಸಿ ಇಬ್ಬರನ್ನೂ ಇಲ್ಲಿನ ಬೆಂಚಿನ ಮೇಲೆ ಕೂರಿಸಿದರು. ನಡುವೆ ಎರಡು ಅಡಿ ಜಾಗವಿತ್ತು. ಕಸುಬಿನ ಅಭ್ಯಾಸ, ಅವರು ನನ್ನ ಕಾಲು ನೋಡಿದರು. ಎಡಗಾಲಿನ ಚಪ್ಪಲಿ ಬಿಚ್ಚಿಸಿಕೊಂಡು, ಇದನ್ನು ಯಾರು ಹೊಲಿದದ್ದು ಎಂದು ಕೇಳಿದರು. ನೀವೇ ಎಂದೆ. “ಜೋಡಿ ಹೊಲಿಗೆ ನಾನು ಗಿರಾಕಿಗಳಿಗೆ ಹಾಕಲ್ಲ. ನಮ್ಮಮ್ಮಂಗೆ ಮಾತ್ರ ಹಾಕ್ತಿದ್ದೆ” ಎಂದರು. ನನ್ನ ಮುಖ ನೋಡಿದರು, ಗುರುತು ಹತ್ತಲಿಲ್ಲ. ಮತ್ತೆ ಹೊಲಿಗೆ ನೋಡಿದರು. ಆಮೇಲೆ, ದಾರ ಸಡಿಲವಾಗಿದೆ, ಬಿಗಿ ಮಾಡಿಕೊಡುತ್ತೇನೆ ಎಂದರು.

ಅವರ ಮೇಲೆ ನನ್ನ ದೂರೇನೂ ಇಲ್ಲ. ನಾನು ಮನೆಗೆ ಹೋಗಬೇಕು, ಅಷ್ಟೇ. ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದ್ದೇ ಇದೆ, ಎಲ್ಲವೂ ನಿಜ. ಎಡ ಚಪ್ಪಲಿ ಇನ್ನೂ ಅವರ ತೊಡೆಯ ಮೇಲಿರುವುದರಿಂದ ಒಂದು ಬರಿಗಾಲಿನಲ್ಲಿ ನಿಂತು ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಮುಂಗೋಣೆ
ದಿನ: ಬುಧವಾರ, ಬೆಳಗ್ಗೆ ಹನ್ನೊಂದೂಕಾಲು
ಸಹಿ: ಗುಂಡಿಯಕ್ಕ