ಅಮ್ಮನಿಗಿಂತ ಮೊದಲು ಯಾರು

ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ಕಣ್ಣು ಮುಚ್ಚಿ ಕೂತಿದ್ದೆ, ಕಿವಿ ಮುಚ್ಚಲಾಗಲಿಲ್ಲ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು, ಜೊತೆಗೆ ಅವರ ಸೋದರಳಿಯ ಮುನೀಂದ್ರ. ಅವನಿಗೆ ಟಿವಿ ಚಾನೆಲ್ಲಿನಲ್ಲಿ ಕೆಲಸವೆಂದು ಮಾತಿನಿಂದಲೇ ತಿಳಿಯಿತು.

"ಅತ್ತೆ, ಮನೇಲೇ ಬಿಯರ್ ಮಾಡೋರ ಸ್ಪರ್ಧೆ ಇದು. ಬರೀ ಅಪಾರ್ಟ್‌ಮೆಂಟ್ ಹುಡುಗ್ರೇ ಸಿಕ್ಕಿದಾರೆ. ನಿಮ್ ರಾಗಿ ಹೆಂಡ ಇಲ್ದಿದ್ರೆ ಶೋನೇ ಬೇಡ ಅಂತಾರೆ ನಮ್ ಸಾಹೇಬ್ರು. ಇವತ್ತೇ ಹೇಳ್ಬೇಕು."

"ಅದು ವರ್ಸಕ್ಕೊಂದ್ಸಲ ನಮ್ಮೂರ ದ್ಯಾವ್ರು ಪಟಾಲಮ್ಮನ ಎಡೆಗೆ ಅಂತ ಮಾಡೋದು ಕಣ್ಲಾ ಮುನೀಂದ್ರ. ಅಲ್ಲಿ ಮೊದ್ಲು ಯಾರು ಕುಡೀತಾರೆ?"

"ಜಡ್ಜು."

"ಅಮ್ಮಂಗಿಂತ ಮೊದ್ಲಾ?"

"ಸ್ಟುಡಿಯೋದಲ್ಲೇ ಅಮ್ಮನ ಫೋಟೋ ಇಟ್ಟು ಎಡೆ ಇಡೋಣ."

"ಅಮ್ಮ ಏನು ಸೀರಿಯಲ್ ಮಾಡೋಳಾ, ನಿಮ್ ಸ್ಟುಡಿಯೋಗೆ ಬರಾಕೆ?"

"ಸರಿ, ನಾವೇ ಗುಡಿ ಹತ್ರ ಬರ್ತೀವಿ. ಎಡೆ ಆದ್ಮೇಲೆ ಜಡ್ಜು ಕುಡಿದು ಮಾರ್ಕ್ಸ್ ಕೊಡ್ತಾರೆ."

"ಪ್ರಸಾದಕ್ಕೆ ಮಾರ್ಕ್ಸಾ?"

ಅವನು ಸಾಹೇಬರಿಗೆ ಫೋನ್ ಮಾಡಿದ.

"ಸರ್, ನಮ್ಮತ್ತೆ ಎಪಿಸೋಡಲ್ಲಿ ಮಾರ್ಕ್ಸ್ ಇರಲ್ಲ. ಅವ್ರು ಸ್ಪರ್ಧೆಗಲ್ಲ, ಗುಡಿ ಹತ್ರ ಮಾಡಿ ತೋರಿಸ್ತಾರೆ, ಎಡೆ ಆದ್ಮೇಲೆ ಜಡ್ಜು ಪ್ರಸಾದ ಅಂತ ಕುಡೀತಾರೆ ಅಷ್ಟೆ. ಇಲ್ಲಾಂದ್ರೆ ಬರಲ್ವಂತೆ." ಆ ಕಡೆಯ ಮಾತು ಕೇಳಿಸಿಕೊಂಡು ಅವನು ನಿಧಾನವಾಗಿ ಉಸಿರು ಬಿಟ್ಟ. "ಒಪ್ಕೊಂಡ್ರು, ಅತ್ತೆ."

ಯಲಹಂಕದ ಬಸ್ಸು ಬಂತು, ನಾನು ಕಣ್ಣು ಬಿಟ್ಟೆ. ಆಕೆ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಕ್ಯಾಮೆರಾದೋರ್ಗೆ ಏಳ್ಬಿಡು, ತಲೆಗೆ ನೀರಾಕ್ಕೊಂಡು ಬರ್ಲಿ. ಆ ಜಡ್ಜೂ ಅಷ್ಟೇ."

"ಜಡ್ಜು ದೊಡ್ಡ ಹೀರೋ, ಅತ್ತೆ."

"ಆದ್ರೇನು, ಅವನ ಮನೇಲಿ ನೀರು ಬರಾಕಿಲ್ವಾ?"

ಇಬ್ಬರೂ ಹತ್ತಿದರು. ಅಳಿಯನ ನಗು ಬಸ್ಸಿನ ಸದ್ದಿನಲ್ಲಿ ಮುಳುಗಿತು.