ಸ್ವೆತೊಲಿಕನ ಕೆಂಪು ದೀಪ

ಪಿರೋತ್ ಊರಿನ ಅಂಚಿನಲ್ಲಿರುವ ಸ್ತಾಮೆಂಕಾ ಅಜ್ಜಿಯ ಕಾರ್‌ಶೆಡ್ಡಿನಲ್ಲಿ ಅಂದು ಸಂಜೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ಕೆಲಸ ನಡೆದಿತ್ತು. ಮಧ್ಯಾಹ್ನ ಹಿಡಿದ ಮಳೆ ಬಿಟ್ಟಿರಲಿಲ್ಲ. ಒಲೆಯ ಸುತ್ತ ಕೂತವರು ಸುಟ್ಟ ಕಾಯಿಯ ಸಿಪ್ಪೆ ಸುಲಿದು, ಚಳಿಗಾಲಕ್ಕೆ ಅರೆದಿಡಲೆಂದು ಬಿಳಿ ಬೋಗುಣಿಗೆ ಹಾಕುತ್ತಿದ್ದರು. ತಗಡಿನ ಚಾವಣಿ ಒಂದು ಕಡೆ ಸೋರುತ್ತಿತ್ತು. ಪಕ್ಕದ ಮನೆಯ ಗಾವ್ರಿಲೊ ಮಾತಿಲ್ಲದೆ ಎದ್ದು ಅಜ್ಜಿಯ ಕುರ್ಚಿಯನ್ನು ಒಣ ಜಾಗಕ್ಕೆ ಸರಿಸಿ, ತಾನು ಆ ಹನಿಯ ಕೆಳಗೇ ಕೂತುಕೊಂಡ. ಅವರೆಲ್ಲರ ಬೆನ್ನ ಹಿಂದೆ, ಕತ್ತಲಲ್ಲಿ, ಅಜ್ಜಿಯ ಹಳೆಯ ಕಾರು ನಿಂತಿತ್ತು.

ಮೊಮ್ಮಗಳು ನೆವೆನಾ ಬೆಳಗಿನಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತನ್ನು ಈಗ ಆಡಿದಳು.

“ಅಜ್ಜಿ, ಕಾರು ಕೊಳ್ಳೋಕೆ ನಾಳೆ ಬರೋನಿಗೆ ಕೊಟ್ಟುಬಿಡೋಣ. ನಿನ್ನೆ ಬಾನೆಟ್ ತೆಗೆದು ನೋಡಿದ. ತಾತ ವೈರೆಲ್ಲ ತಾವೇ ಎಳೆದು ಕೆಡಿಸಿಟ್ಟಿದ್ದಾರೆ, ಗುಜರಿಗೇ ಲಾಯಕ್ಕು ಅಂದ.”

ಅಜ್ಜಿಯ ಕೈಯಲ್ಲಿದ್ದ ಚಾಕು ನಿಂತಿತು.

“ಏನಂದ?”

“ಮುಗೀತು,” ಎಂದ ಗಾವ್ರಿಲೊ. “ನಿಂಗೆ ಬೇರೆ ಮಾತೇ ಸಿಗ್ಲಿಲ್ವೇನಮ್ಮ? ಇನ್ನು ಕಾಯೆಲ್ಲ ನಾವೇ ಸುಲೀಬೇಕು.”

“ಸುಲಿಯೋ ಗಾವ್ರಾ, ಕೈಗೆ ಕೆಲಸ ಇದ್ರೆ ನಿನ್ನ ಬಾಯಿಗೂ ಸ್ವಲ್ಪ ವಿಶ್ರಾಂತಿ,” ಎಂದು ಅಜ್ಜಿ ಚಾಕು ಕೆಳಗಿಟ್ಟಳು. “ಕೇಳಿಸ್ಕೋ ನೆವೆನಾ. ಇಂಥದೇ ಮಾತು ಇನ್ನೊಬ್ಬನೂ ಆಡಿದ್ದ...

“ನಿಮ್ಮ ತಾತ ಸ್ವೆತೊಲಿಕ್ ತೀರಿಹೋದ ವರ್ಷ ಅದು. ಅವರನ್ನ ಮಣ್ಣಿಗಿಟ್ಟು ಬಂದು ಇನ್ನೂ ಕಣ್ಣು ಒಣಗಿರಲಿಲ್ಲ, ಕಾರು ಮಲಗ್ತು. ನಂಗಿದ್ದ ಆಧಾರ ಅದೊಂದೇ... ಬೆಟ್ಟದ ಹಳ್ಳಿಗಳಿಂದ ಚೀಸ್ ತಂದು ಸಂತೇಲಿ ಮಾರ್ಬೇಕು, ನಿಮ್ಮಮ್ಮನ್ನ ಸಾಕ್ಬೇಕು. ಬ್ಯಾಟರಿ ಚಾರ್ಜ್ ಮಾಡಿಸಿ ತಂದ್ರೆ ಅರ್ಧ ದಾರೀಲಿ ದೀಪ ಮಂಕಾಗಿ, ಎಂಜಿನ್ ಕೆಮ್ಮಿ, ನಿಂತೇ ಹೋಗೋದು. ಮೆಕ್ಯಾನಿಕ್ ರಾಂಚಾ ಬಂದ. ಬ್ಯಾಟರಿ ಬದಲಾಯಿಸ್ದ, ಬೆಲ್ಟ್ ಬಿಗಿ ಮಾಡ್ದ, ಎಂಜಿನ್ ತಿರುಗ್ವಾಗ ಕರೆಂಟ್ ಹುಟ್ಟಿಸೋ ಆಲ್ಟರ್ನೇಟರ್ ಇರುತ್ತಲ್ಲ, ಅದನ್ನೂ ಬಿಚ್ಚಿ ಬೇರೇದು ಹಾಕ್ದ. ಉಹೂಂ! ಕೊನೆಗೆ ನಡುಬೀದೀಲಿ, ಎಲ್ಲರೂ ಕೇಳೋ ಹಾಗೆ ಏನಂದ ಗೊತ್ತಾ? ‘ನಿನ್ನ ಗಂಡ ಒಳ್ಳೇ ಸಾಮಾನೆಲ್ಲ ಮಾರಿ ಕುಡಿದಿದ್ದಾನೆ ಸ್ತಾಮೆಂಕಾ, ಇದನ್ನ ಗುಜರಿಗೆ ಹಾಕು’ ಅಂದ. ತನಗೆ ಗೊತ್ತಾಗ್ಲಿಲ್ಲ ಅಂತ ಒಪ್ಕೊಳ್ಳೋಕಾಗ್ದೆ ಸತ್ತೋರ ತಲೆಗೆ ಕಟ್ಟೋದಾ? ಸತ್ತೋರು ಎದ್ದು ಬಂದು ಉತ್ತರ ಕೊಡಲ್ಲ ಅನ್ನೋ ಧೈರ್ಯ ತಾನೆ?... ಅಲ್ಲೇ ಅವನು ಎಡವಿದ್ದು.

“ಅವತ್ತು ಸಂಜೇನೂ ಇಂಥದೇ ಮಳೆ. ಅಡುಗೆಮನೆ ಕಿಟಕಿಯಿಂದ ನೋಡ್ತೀನಿ, ಕಾರಿನೊಳಗೆ, ಸ್ಟೀರಿಂಗ್ ಹಿಂದೆ, ಒಂದು ಕೆಂಪು ಚುಕ್ಕೆ. ಬ್ಯಾಟರಿ ಚಾರ್ಜ್ ಆಗದಿದ್ರೆ ಹತ್ತೋ ದೀಪ! ಕೀಲಿ ನನ್ನ ಜೇಬಲ್ಲಿದೆ, ಬ್ಯಾಟರಿ ರಾಂಚಾನ ಅಂಗಡೀಲಿದೆ, ಮತ್ತೆ ಉರೀತಿರೋದು ಏನು? ಓಡಿಹೋಗಿ ಬಾಗಿಲು ತೆಗೆದೆ... ಆರಿಹೋಯ್ತು. ಒಳಗೆ ಅವರ ಹೊಗೆಸೊಪ್ಪಿನ ವಾಸನೆ, ಅದರ ಜೊತೆಗೆ ಹಸಿಮಣ್ಣಿನ ವಾಸನೆ.

“ಆಗ ನೆನಪಾಯ್ತು. ನಿಮ್ಮ ತಾತ ಕೀಲಿ ಅರ್ಧ ತಿರುಗಿಸಿ, ‘ಕೆಂಪಿ ಎದ್ಲಾ?’ ಅಂತ ಕೇಳಿ, ಆ ದೀಪ ಹತ್ತಿದ ಮೇಲೇ ಸ್ಟಾರ್ಟ್ ಮಾಡೋರು. ‘ಈ ಪುಟ್ಟ ಬಲ್ಬಿನೊಳಗಿಂದ ಹೋಗೋ ಚೂರು ಕರೆಂಟೇ ಆಲ್ಟರ್ನೇಟರನ್ನ ತಟ್ಟಿ ಎಬ್ಬಿಸೋದು ಕಣೇ. ಅದು ಎದ್ರೆ ಇವಳು ಮಲಗ್ತಾಳೆ’ ಅನ್ನೋರು. ರಾಂಚಾ ಕೆಂಪು ಹತ್ತಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂದ್ಕೊಂಡಿದ್ದ! ಬ್ಯಾಟರಿ ತರಿಸಿ ಕೀಲಿ ತಿರುಗಿಸ್ದೆ. ಕತ್ತಲು. ಸ್ಟೀರಿಂಗ್ ಹಿಂದಿನ ಹಲಗೆ ಬಿಚ್ಚಿ ನೋಡ್ತೀನಿ... ಹೋಲ್ಡರ್ ಖಾಲಿ. ಬಲ್ಬೇ ಇಲ್ಲ.

“ಬಾಗಿಲಲ್ಲಿ ನಿಂತಿದ್ದ ನನ್ನ ನಾದಿನಿ ಪೆರ್ಸಿದಾ ಅಳೋಕೆ ಶುರು ಮಾಡಿದ್ಲು. ‘ಅತ್ತಿಗೆ, ಸಾವಾದ ಮನೇಲಿ ವರ್ಷ ತುಂಬೋವರೆಗೂ ಕೆಂಪು ಕಾಣಬಾರದಲ್ಲ...’ ಕೆಂಪು ಜಮಖಾನೆ ಎಲ್ಲ ಮಗುಚಿ ಹಾಸಿದ್ಲು, ಸೂರಿನ ಮೆಣಸಿನಕಾಯಿ ಸರ ಇಳಿಸಿದ್ಲು, ಅದೆಲ್ಲ ನಾನೂ ನೋಡಿದ್ದೆ. ಕಾರಿನ ಬಲ್ಬನ್ನೂ ಕಿತ್ತಿದ್ಲು ನೋಡು! ‘ಎಲ್ಲೇ ಅದು?’ ಅಂದೆ. ‘ಅಣ್ಣನಿಗೆ ಇಷ್ಟವಾದ್ದು ಅಂತ... ಶವದ ಪೆಟ್ಟಿಗೆ ಮುಚ್ಚೋ ಮುಂಚೆ ಅವನ ಕೋಟಿನ ಜೇಬಿಗೆ ಹಾಕ್ಬಿಟ್ಟೆ’ ಅಂದ್ಲು. ನಾನೇನು ಬೈಲಿ? ನಾನು ಒಲೆ ಹಚ್ಚದ ದಿನಗಳಲ್ಲಿ ನಂಗೆ ಸಾರು ಹೊತ್ತು ತಂದೋಳು ಅವಳೇ.

“ರಾಂಚಾನ್ನ ಮಾತ್ರ ಬಿಡ್ಲಿಲ್ಲ. ಎಳ್ಕೊಂಡು ಬಂದು, ಹೋಲ್ಡರ್ ಒಳಗೆ ಬೆರಳಿಟ್ಟು ನೋಡು ಅಂದೆ. ಇಟ್ಟ. ತಪ್ಪಾಯ್ತು ಅನ್ನೋ ಬದಲು ಹಲ್ಲು ಕಿರಿದ! ‘ಕುಡುಕ ಇದನ್ನೂ ಮಾರಿದ್ನಾ?’ ಅಂದ. ನಾನು ಕೀಲಿ ತಿರುಗಿಸ್ದೆ... ಬಲ್ಬಿಲ್ಲದ ಹೋಲ್ಡರ್ ಹತ್ತಿಕೊಳ್ತು ಕಣ್ರೋ! ಅವನ ಬೆರಳಿನ ತುದಿ ಮೂಳೆ ಕಾಣೋ ಹಾಗೆ ಕೆಂಪಾಯ್ತು. ಎಂಜಿನ್ ಎದ್ದಿತು, ಕೆಂಪು ಆರ್ತು, ಮೀಟರಿನ ಮುಳ್ಳು ಚಾರ್ಜಿನ ಕಡೆ ಏರ್ತು. ರಾಂಚಾ ಟೋಪಿ ಬಿಟ್ಟು ಓಡಿದ. ಅಗೋ, ಆ ಮೊಳೇಲಿ ನೇತಾಡ್ತಿದೆಯಲ್ಲ, ಅದೇ ಟೋಪಿ.

“ಹೊಸ ಬಲ್ಬು ನಾನು ಇವತ್ತಿಗೂ ಹಾಕಿಲ್ಲ. ಯಾಕೆ ಹಾಕ್ಲಿ? ಹೊರಡುವಾಗೆಲ್ಲ ಹತ್ತುತ್ತೆ, ಎಂಜಿನ್ ಎದ್ದ ಮೇಲೆ ಆರುತ್ತೆ. ಸುಮ್ನೆ ನಿಂತಿದ್ದಾಗಲೂ ಕೆಲವು ಸಲ ಹತ್ತುತ್ತೆ... ಯಾರಾದ್ರೂ ಅವರ ಕೈಕೆಲಸ ಹಳಿದಾಗ.”

ಸೌದೆ ಹಾಕುವುದನ್ನು ಎಲ್ಲರೂ ಮರೆತಿದ್ದರಿಂದ ಒಲೆ ಯಾವಾಗಲೋ ಆರಿತ್ತು. ನೆವೆನಾಳಿಗೆ ತನ್ನ ಕೈ ತಣ್ಣಗಾಗಿರುವುದು ಆಗ ತಿಳಿಯಿತು.

“ಬ್ಯಾಟರಿ ಎಲ್ಲಿಟ್ಟಿದ್ದೀಯಮ್ಮ?” ಎಂದು ಅಜ್ಜಿ ಮೆತ್ತಗೆ ಕೇಳಿದಳು.

“ನಾಳೆಗೆ ಅಂತ ಬಿಚ್ಚಿ... ಅಡುಗೆಮನೇಲಿ ಚಾರ್ಜಿಗೆ ಹಾಕಿದ್ದೀನಿ.”

“ಕೀಲಿ?”

ನೆವೆನಾ ಜೇಬು ಮುಟ್ಟಿ ನೋಡಿಕೊಂಡಳು. “ನನ್ನ ಹತ್ರಾನೇ ಇದೆ.”

“ಹಾಗಾದ್ರೆ ಹಿಂದಕ್ಕೆ ತಿರುಗಬೇಡ. ಮೊದಲು ತಾತನ ಬಗ್ಗೆ ಆಡಿದ ಮಾತು ವಾಪಸ್ ತಗೋ, ಗಟ್ಟಿಯಾಗಿ, ಅವರಿಗೆ ಕೇಳೋ ಹಾಗೆ... ನಿನ್ನ ಮಡಿಲಲ್ಲಿರೋ ಬೋಗುಣಿಯ ಬಿಳೀ ಅಂಚು ನೋಡು ಮಗಳೇ. ಒಲೆ ಆರಿದೆಯಲ್ಲ, ಅದರ ಮೇಲೆ ಬಿದ್ದಿರೋ ಆ ಕೆಂಪು ಬೆಳಕು ಎಲ್ಲಿಂದ ಬಂತು?”